ಇ-ಮೇಲ್ ಬರೆದು ಫೈಲ್ ತರಿಸುತ್ತಿದ್ದ ಕಾಲ

ಕೇಳುಗರೆಲ್ಲರಿಗೂ ನಮಸ್ಕಾರ.

ಕಲಬುರಗಿಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಇವತ್ತು ಪೈಥಾನ್ ಎಂಬ ಪ್ರೋಗ್ರಾಂ ಭಾಷೆಯಲ್ಲಿ ಒಂದೇ ಸಾಲು ಬರೆದು ದೊಡ್ಡ ದೊಡ್ಡ ಸಮೀಕರಣ ಬಿಡಿಸುತ್ತಾರೆ. ನಂಪೈ ಅನ್ನೋ ಪ್ಯಾಕೇಜ್ ಇದ್ದರೆ ಸಾಕು. ಆ ಒಂದು ಸಾಲಿನ ಹಿಂದೆ ನಿಜವಾಗಿ ದುಡಿಯುವುದು ಲಾಪ್ಯಾಕ್ ಎಂಬ ಹಳೆಯ ಲೈಬ್ರರಿ, ಅಂದರೆ ಗಣಿತದ ಪ್ರೋಗ್ರಾಂಗಳ ಕಟ್ಟು. ಅದು ಮೊದಲು ಹೊರಬಂದದ್ದು 1992ರಲ್ಲಿ. ಅಂಥ ಪ್ರೋಗ್ರಾಂಗಳನ್ನು ಆಗ ಇ-ಮೇಲ್ ಬರೆದು ತರಿಸಿಕೊಳ್ಳುತ್ತಿದ್ದರು.

ಈ ಏರ್ಪಾಟಿನ ಹೆಸರು ನೆಟ್‌ಲಿಬ್. 1985ರಲ್ಲಿ ಅಮೆರಿಕದ ಜ್ಯಾಕ್ ಡೊಂಗಾರಾ ಮತ್ತು ಎರಿಕ್ ಗ್ರಾಸ್ ಅದನ್ನು ಶುರು ಮಾಡಿದರು. ಗಣಿತದ ಪ್ರೋಗ್ರಾಂಗಳ ಕಣಜ ಅದು. ಅದರ ವಿಳಾಸಕ್ಕೆ 'ಸೆಂಡ್ ಇಂಡೆಕ್ಸ್' ಅಂತ ಎರಡು ಪದ ಬರೆದು ಕಳಿಸಿದರೆ, ಏನೇನಿದೆ ಅನ್ನೋ ಪಟ್ಟಿ ಬರುತ್ತಿತ್ತು. ಕಿರಾಣಿ ಅಂಗಡಿಗೆ ಚೀಟಿ ಕೊಟ್ಟು ಕಳಿಸಿದ ಹಾಗೆ. ಆದರೆ ಆ ಚೀಟಿಯನ್ನು ಯಾವ ಮನುಷ್ಯನೂ ಓದುತ್ತಿರಲಿಲ್ಲ. ಯಂತ್ರವೇ ಓದಿ, ಯಂತ್ರವೇ ಉತ್ತರ ಕೊಡುತ್ತಿತ್ತು. ದುಡ್ಡಿಲ್ಲ, ಅರ್ಜಿಯಿಲ್ಲ, ಯಾರ ಸಹಿಯೂ ಬೇಡ.

ನನಗೆ ಬಹಳ ಇಷ್ಟವಾಗುವ ಸಂಗತಿ ಇನ್ನೊಂದಿದೆ. ನೀವು ಒಂದು ಪ್ರೋಗ್ರಾಂ ಕೇಳಿದಿರಿ ಅನ್ನಿ. ಅದು ಓಡಬೇಕಾದರೆ ಇನ್ನೂ ನಾಲ್ಕು ಸಣ್ಣ ಪ್ರೋಗ್ರಾಂ ಬೇಕಾಗಬಹುದು. ನೆಟ್‌ಲಿಬ್ ಅವನ್ನೂ ತಾನೇ ಹುಡುಕಿ ಜೊತೆಗೆ ಕಳಿಸುತ್ತಿತ್ತು. ಅವು ನಿಮ್ಮ ಹತ್ತಿರ ಮೊದಲೇ ಇದ್ದರೆ 'ಬಟ್ ನಾಟ್' ಅಂತ ಬರೆದು ಬೇಡ ಅನ್ನಬಹುದಿತ್ತು. ದೂರದಲ್ಲಿ ಕೂತವನಿಗೆ ಮತ್ತೆ ಮತ್ತೆ ಬರೆಯುವ ಕಷ್ಟ ಆಗಬಾರದು ಅಂತ ಯೋಚಿಸಿ ಮಾಡಿದ ಕೆಲಸ ಇದು.

ಇಷ್ಟೆಲ್ಲ ಯಾಕೆ ಬೇಕಿತ್ತು? ಪೂರ್ತಿ ಇಂಟರ್ನೆಟ್ ಇದ್ದವರು ಆಗ ಬಹಳ ಕಡಿಮೆ. ಎಷ್ಟೋ ಕಡೆ ಒಂದು ಕಂಪ್ಯೂಟರ್ ಇನ್ನೊಂದಕ್ಕೆ ಫೋನ್ ಮಾಡಿ, ಪತ್ರಗಳನ್ನು ದಾಟಿಸಿ, ಫೋನ್ ಇಡುತ್ತಿತ್ತು. ಅಷ್ಟೇ ಸಂಪರ್ಕ. ನಮ್ಮ ದೇಶದಲ್ಲಿ ವಿದ್ಯಾಸಂಸ್ಥೆಗಳ ಕಂಪ್ಯೂಟರುಗಳನ್ನು ಜೋಡಿಸುವ ಅರ್ನೆಟ್ ಯೋಜನೆ ಶುರುವಾದದ್ದು 1986ರಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐಐಟಿಗಳು, ಮುಂಬಯಿಯ ಸಾಫ್ಟ್‌ವೇರ್ ಸಂಶೋಧನಾ ಕೇಂದ್ರ ಎನ್‌ಸಿಎಸ್‌ಟಿ ಅದರಲ್ಲಿದ್ದವು. ಆಗಿನ ಸರಕಾರಿ ಕಂಪನಿ ವಿಎಸ್‌ಎನ್‌ಎಲ್ ಸಾಮಾನ್ಯ ಜನರಿಗೆ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು, ಅದೂ ಮೊದಲು ಮಹಾನಗರಗಳಲ್ಲಿ. ಆಗಿನ ಗುಲ್ಬರ್ಗಾದಿಂದ ಅಲ್ಲಿಗೆ ಫೋನ್ ಹಚ್ಚಬೇಕಾದರೆ ಎಸ್‌ಟಿಡಿ ಬಿಲ್ಲು ಬೇರೆ.

ನೆಟ್‌ಲಿಬ್ ಕಳಿಸುತ್ತಿದ್ದದ್ದು ಹೆಚ್ಚಾಗಿ ಬರೀ ಅಕ್ಷರ, ಅಂದರೆ ಓದಬಹುದಾದ ಸಾಲುಗಳು. ಆದರೆ ಕುಗ್ಗಿಸಿದ ಫೈಲು, ನೇರವಾಗಿ ಓಡಿಸುವಂತೆ ತಯಾರಾದ ಪ್ರೋಗ್ರಾಂ ಬೇಕಾದರೆ? ಅಂಥವು ಎಫ್‌ಟಿಪಿ ಕಣಜಗಳಲ್ಲಿ ಇರುತ್ತಿದ್ದವು; ಎಫ್‌ಟಿಪಿ ಅಂದರೆ ಇಂಟರ್ನೆಟ್ ಮೂಲಕ ಫೈಲ್ ಸಾಗಿಸುವ ವಿಧಾನ. ಇ-ಮೇಲ್ ಮಾತ್ರ ಇದ್ದವರಿಗಾಗಿ ಎಫ್‌ಟಿಪಿ-ಮೇಲ್ ಅನ್ನೋ ಸೇವೆ ಬಂತು. ಯಾವ ಕಂಪ್ಯೂಟರಿಗೆ ಹೋಗಬೇಕು, ಯಾವ ಡೈರೆಕ್ಟರಿ, ಯಾವ ಫೈಲು ಅಂತ ಒಂದೊಂದು ಸಾಲಲ್ಲಿ ಬರೆದು ಕಳಿಸಿದರೆ, ಅದು ನಮ್ಮ ಪರವಾಗಿ ಹೋಗಿ ತರುತ್ತಿತ್ತು.

ಆಗಿನ ಇ-ಮೇಲ್ ಬರೀ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳನ್ನಷ್ಟೇ ಸುರಕ್ಷಿತವಾಗಿ ದಾಟಿಸುತ್ತಿತ್ತು. ಹಾಗಾಗಿ ಫೈಲನ್ನು ಯುಯುಎನ್‌ಕೋಡ್ ಎಂಬ ವಿಧಾನದಿಂದ ಅಕ್ಷರಗಳಿಗೆ ಇಳಿಸುತ್ತಿದ್ದರು. ಫೈಲಿನ ಗಾತ್ರ ಅಳೆಯುವ ಬೈಟ್ ಲೆಕ್ಕದಲ್ಲಿ, ಮೂರು ಬೈಟ್‌ಗೆ ನಾಲ್ಕು ಅಕ್ಷರ. 'ಬಿಗಿನ್' ಅಂತ ಶುರು, 'ಎಂಡ್' ಅಂತ ಮುಗಿತಾಯ. ನಡುವೆ ಎಂ ಅಕ್ಷರದಿಂದ ಶುರುವಾಗುವ, ಅರ್ಥವೇ ಇಲ್ಲದ ಸಾಲುಗಳು. ಆ ಎಂ ಅಂದರೆ ಈ ಸಾಲಿನಲ್ಲಿ 45 ಬೈಟ್ ಇದೆ ಅಂತ ಲೆಕ್ಕ. ಪತ್ರ ತೀರಾ ಉದ್ದ ಆದರೆ ದಾರಿಯ ಕಂಪ್ಯೂಟರುಗಳು ತಡೆಯುತ್ತಿದ್ದವು, ಅದಕ್ಕೆ 64,000 ಬೈಟಿನ ತುಂಡು. ಮೂರು ಲಕ್ಷ ಬೈಟಿನ ಒಂದು ಫೈಲು ಅಕ್ಷರಗಳಿಗೆ ಇಳಿಸಿದಾಗ ಹಿಗ್ಗಿ, ಏಳು ಪತ್ರವಾಗಿ ಬರುತ್ತಿತ್ತು. ಐದನೆಯದು ಮೊದಲು ಬಂದೀತು, ಎರಡನೆಯದು ಮರುದಿನ. ಎಲ್ಲ ಕೂಡಿಸಿ, ಪ್ರತಿ ಪತ್ರದ ತಲೆಬರಹ ಕತ್ತರಿಸಿ, ಸರಿಯಾದ ಕ್ರಮದಲ್ಲಿ ಜೋಡಿಸಬೇಕು. ಒಂದು ತುಂಡು ತಪ್ಪಿದರೆ ಫೈಲು ತೆರೆಯುತ್ತಿರಲಿಲ್ಲ. ತಾಳ್ಮೆ ಜಾಸ್ತಿ ಬೇಕಿತ್ತು ಅಲ್ವಾ?

ಇವತ್ತು ಬಹಳಷ್ಟು ವಿಜ್ಞಾನಿಗಳು ಓದುವ, ಸಂಶೋಧನಾ ಪ್ರಬಂಧಗಳ ಉಚಿತ ತಾಣ ಆರ್ಕೈವ್ ಕೂಡ 1991ರಲ್ಲಿ ಹೀಗೇ, ಇ-ಮೇಲಿಗೆ ಪ್ರಬಂಧ ಕಳಿಸುವ ಯಂತ್ರವಾಗಿ ಹುಟ್ಟಿತು. ಪಾಲ್ ಗಿನ್ಸ್‌ಪಾರ್ಗ್ ಕಟ್ಟಿದ್ದು.

ಇದನ್ನೆಲ್ಲ ಈಗ ಹೇಳುವುದಕ್ಕೆ ಕಾರಣ ಇದೆ. ಚಿಂಚೋಳಿಯ ಕಡೆಯ ತಾಂಡಾದಲ್ಲೋ ಸುರಪುರದ ಹಳ್ಳಿಯಲ್ಲೋ ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ದೊಡ್ಡ ಸಾಫ್ಟ್‌ವೇರ್ ಇಳಿಸುವ ಮಕ್ಕಳಿದ್ದಾರೆ. ಮುಕ್ಕಾಲು ಭಾಗ ಇಳಿಯುವಷ್ಟರಲ್ಲಿ ಸಿಗ್ನಲ್ ಹೋಗುತ್ತದೆ, ಇಲ್ಲ ಕರೆಂಟ್ ಹೋಗುತ್ತದೆ. ಮತ್ತೆ ಮೊದಲಿಂದ. ದಿನದ ಡೇಟಾ ಖಾಲಿ. ಎಲ್ಲರಿಗೂ ವೇಗದ ಸಂಪರ್ಕ ಇದೆ ಅಂತ ನಂಬಿ ಕಟ್ಟಿದ ವ್ಯವಸ್ಥೆಯಲ್ಲಿ ಇವರು ಹೊರಗೇ ಉಳಿಯುತ್ತಾರೆ. ಇದು ನನಗೆ ನೋವಿನ ವಿಷಯ. ನಲವತ್ತು ವರ್ಷದ ಹಿಂದೆ ಇದ್ದ ಕಾಳಜಿ ಈಗ ಯಾಕಿರಬಾರದು?

ಮಕ್ಕಳಿಗೆ ಒಂದು ಮಾತು. ಫೈಲ್ ಇಳಿಸುವುದಕ್ಕೆ ಡಬ್ಲ್ಯೂಗೆಟ್ ಎಂಬ ಉಚಿತ ಪ್ರೋಗ್ರಾಂ ಇದೆ. ಅದರಲ್ಲಿ ಮೈನಸ್ ಸಿ ಅಂತ ಸೇರಿಸಿ ಕೊಟ್ಟರೆ, ಡೌನ್‌ಲೋಡ್ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ. ಕಳಿಸುವ ಸರ್ವರ್ ಅದಕ್ಕೆ ಒಪ್ಪುವಂತಿರಬೇಕು, ಬಹಳಷ್ಟು ಒಪ್ಪುತ್ತವೆ. ಕಲಬುರಗಿ, ಬೀದರ್, ಯಾದಗಿರಿಯ ಕಾಲೇಜುಗಳ ಅಧ್ಯಾಪಕರಲ್ಲಿ ಒಂದು ವಿನಂತಿ. ಲ್ಯಾಬಿನ ಒಂದು ಕಂಪ್ಯೂಟರಿನಲ್ಲಿ ಪಾಠಕ್ಕೆ ಬೇಕಾದ ಉಚಿತ ಸಾಫ್ಟ್‌ವೇರ್‌ಗಳ ಪ್ರತಿ ಇಟ್ಟುಬಿಡಿ. ಸೆಮಿಸ್ಟರ್ ಶುರುವಾಗುವ ಮುಂಚೆ ಹೊಸದಾಗಿ ಇಳಿಸಿಡಿ. ಹಳ್ಳಿಯಿಂದ ಬಸ್ಸಿಗೆ ಬರುವ ಹುಡುಗಿ ಪೆನ್‌ಡ್ರೈವ್ ತಂದು ತುಂಬಿಕೊಂಡು ಹೋಗಲಿ.

ಕೇಳಿದ್ದಕ್ಕೆ ವಂದನೆಗಳು. ನಮಸ್ಕಾರ.