ಇಸಬಿನ ಮೇಲೆ ಹೊಸ ಗುಳ್ಳೆ ಎದ್ದರೆ

ಕೇಳುಗರಿಗೆ ನಮಸ್ಕಾರ. ಮನೆಯಲ್ಲಿ ಇಸಬು ಇರುವ ಮಗು ಇದೆಯಾ? ಹಾಗಿದ್ದರೆ ಒಲೆ ಸಣ್ಣ ಮಾಡಿ, ಐದು ನಿಮಿಷ ಕೇಳಿ. ನಾನು ಹೇಳುವುದು ಒಂದೇ ಮಾತು. ಇಸಬಿನ ಮೇಲೆ ದಿಢೀರನೆ ಗುಳ್ಳೆ ಎದ್ದು, ನೋವು, ಜ್ವರ ಬಂದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಮನೆಯಲ್ಲಿರುವ ಟ್ಯೂಬ್ ಹಚ್ಚಬೇಡಿ.

ಸ್ಟೀರಾಯ್ಡ್ ಕ್ರೀಮ್, ಟ್ಯಾಕ್ರೋಲಿಮಸ್ ಮುಲಾಮು ಇಸಬಿಗೆ ಒಳ್ಳೆಯ ಔಷಧಗಳೇ. ಚರ್ಮದಲ್ಲಿ ರೇಗಿರುವ ರೋಗನಿರೋಧಕ ಶಕ್ತಿಯನ್ನು ತಣ್ಣಗೆ ಮಾಡುತ್ತವೆ, ತುರಿಕೆ ಇಳಿಯುತ್ತದೆ. ಆದರೆ ವೈರಸ್ಸನ್ನು ಓಡಿಸಬೇಕಾದದ್ದೂ ಅದೇ ಶಕ್ತಿ, ಅಲ್ವಾ? ಜೊತೆಗೆ ಇಸಬಿನ ಚರ್ಮ ಮೊದಲೇ ಬಿರುಕು ಬಿಟ್ಟಿರುತ್ತದೆ. ತುಟಿ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ ಒಳಗೆ ಬರಲು ಅಷ್ಟು ಸಾಕು.

ನಾಲ್ಕು ವರ್ಷದ ಮಗುವೊಂದನ್ನು ಅಜ್ಜಿ ಸೊಂಟದ ಮೇಲೆ ಹೊತ್ತು ತಂದರು. ಕೆನ್ನೆ, ಕತ್ತಿನ ತುಂಬ ಗುಳ್ಳೆ. ಅಮ್ಮ ಆಗಿದೆ ಅಂತ ಅಜ್ಜಿ ಬೇವಿನ ಸೊಪ್ಪು ಹಾಸಿ ಮಲಗಿಸಿದ್ದರು. ಇಸಬೇ ಜಾಸ್ತಿಯಾಗಿದೆ ಅಂತ ಅಪ್ಪ ಮೆಡಿಕಲ್ ಶಾಪಿನಿಂದ ಹೊಸ ಟ್ಯೂಬ್ ತಂದು ಹಚ್ಚಿದ್ದರು. ನಾನು ಮೊದಲು ನೋಡಿದ್ದು ಮಗುವಿನ ಕೈ. ಇಸಬಿನ ಮಕ್ಕಳ ಕೈ ಸುಮ್ಮನಿರುವುದಿಲ್ಲ, ಕೆರೆಯುತ್ತಲೇ ಇರುತ್ತದೆ. ಈ ಮಗು ಕೆರೆದುಕೊಳ್ಳಲೇ ಇಲ್ಲ. ಅಜ್ಜಿಯ ಸೆರಗು ಕೆನ್ನೆಗೆ ತಾಗಿದರೂ ಚೀರುತ್ತಿತ್ತು. ಗುಳ್ಳೆ ಒಡೆದ ಕಡೆಯೆಲ್ಲ ಒಂದೇ ಅಳತೆಯ ದುಂಡು ಕುಳಿಗಳು, ಪಂಚಿಂಗ್ ಮಷಿನ್ನಿನಲ್ಲಿ ಒತ್ತಿದ ಹಾಗೆ.

"ಮನೆಯಲ್ಲಿ ಯಾರಿಗಾದರೂ ತುಟಿ ಮೇಲೆ ಗುಳ್ಳೆ ಎದ್ದಿತ್ತಾ ಅಜ್ಜಿ?" ಅಂದೆ.

"ಅದರ ಮಾವನಿಗೆ ಎದ್ದಿತ್ತು ಡಾಕ್ಟ್ರೇ. ಊರಿಗೆ ಬಂದವನು ಮುದ್ದು ಮಾಡಿ ಹೋದ."

ಇದೇ ಎಕ್ಸಿಮಾ ಹರ್ಪೆಟಿಕಮ್, ಅಂದರೆ ಇಸಬಿನ ಚರ್ಮಕ್ಕೆ ಹರ್ಪಿಸ್ ವೈರಸ್ ಹತ್ತಿಕೊಳ್ಳುವುದು. ವಿಯೆನ್ನಾದ ವೈದ್ಯ ಕಪೋಸಿ 1887ರಲ್ಲೇ ಇದನ್ನು ವಿವರಿಸಿದ್ದರು. ಕೂಡಲೇ ಈ ವೈರಸ್ಸಿನ ಔಷಧ ಅಸೈಕ್ಲೋವಿರ್ ಶುರು ಮಾಡಿದೆವು. ಕಣ್ಣಿನ ಹತ್ತಿರವೂ ಗುಳ್ಳೆ ಇದ್ದದ್ದರಿಂದ ಕಣ್ಣಿನ ಡಾಕ್ಟರಿಗೂ ತೋರಿಸಿದೆವು. ಮಗು ಹುಷಾರಾಯಿತು. ತಡವಾಗಿದ್ದರೆ ದೃಷ್ಟಿಗೇ ಕುತ್ತು ಬರುತ್ತಿತ್ತು. ಅದಕ್ಕೇ ಮತ್ತೆ ಹೇಳುತ್ತೇನೆ: ಗುಳ್ಳೆ, ನೋವು, ಜ್ವರ ಅಂದರೆ ಅದೇ ದಿನ ಡಾಕ್ಟರ ಹತ್ತಿರ. ನಾಳೆ ನೋಡೋಣ ಅನ್ನಬೇಡಿ.

ಡಾಕ್ಟರ ಚೀಟಿ ಇಲ್ಲದೆ ಸ್ಟೀರಾಯ್ಡ್ ಕ್ರೀಮ್ ಮಾರಬಾರದು ಅಂತ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. ಆದರೂ ಅಂಗಡಿಯಲ್ಲಿ ಕೇಳಿ ತರುತ್ತೀರಿ, ಪಕ್ಕದ ಮನೆಯವರಿಗೂ ಕೊಡುತ್ತೀರಿ! ದಯವಿಟ್ಟು ಬೇಡ.

ಸಮಯ ಮುಗಿಯುತ್ತಾ ಬಂತು. ನೋವಿಲ್ಲದ, ಹೊಳೆಯುವ, ನಡುವೆ ಗುಳಿ ಬಿದ್ದ ಚಿಕ್ಕ ಗುಳ್ಳೆಗಳು ಮೊಲಸ್ಕಮ್ ಅನ್ನುವ ಬೇರೆ ವೈರಸ್ಸಿನವು. ಅವಕ್ಕೆ ಗಾಬರಿ ಬೇಡ. ಚಿವುಟಬೇಡಿ, ಟವೆಲ್ ಬೇರೆ ಇಡಿ. ಕ್ರೀಮಿಗೆ ಹೆದರಿ ಇಸಬಿನ ಚಿಕಿತ್ಸೆಯನ್ನೇ ಬಿಡಲೂಬೇಡಿ. ಮತ್ತೆ ಯಾವಾಗ ಹಚ್ಚಬೇಕು ಅಂತ ಡಾಕ್ಟರೇ ಹೇಳುತ್ತಾರೆ. ಹೋಗುವಾಗ ಮನೆಯಲ್ಲಿರುವ ಟ್ಯೂಬುಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಹೋಗಿ. ಏನು ಹಚ್ಚಿದ್ದೀರಿ ಅಂತ ಅವರು ಮೊದಲು ಕೇಳುತ್ತಾರೆ. ನಮಸ್ಕಾರ.