ಬಚ್ಚಲಿನಿಂದ ಬಂಗಾಳ ಕೊಲ್ಲಿಗೆ

[ದೃಶ್ಯ: ಯಮಲೂರು ರಸ್ತೆ. ಪಕ್ಕದಲ್ಲಿ ಎತ್ತರದ ಜಾಲರಿ, ಅದರಾಚೆ ನೊರೆ]

ಈ ಜಾಲರಿ ನೋಡಿ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ಹಾರಿ ಬಂದು ಬೈಕಿನವರ ಮುಖಕ್ಕೆ ಬಡಿಯಬಾರದು ಅಂತ ಹಾಕಿದ್ದು. ಸುಮಾರು 900 ಎಕರೆ ಕೆರೆ ಇದು. 2015, 2017, 2018ರಲ್ಲಿ ಇಲ್ಲಿ ಬೆಂಕಿಯೂ ಹತ್ತಿತ್ತು. ಹೌದು, ಕೆರೆಗೆ ಬೆಂಕಿ!

ನೊರೆ ಎಲ್ಲಿಂದ ಬಂತು? ಯಾವುದೋ ಫ್ಯಾಕ್ಟರಿದು ಅಂದುಬಿಟ್ಟರೆ ನಮಗೂ ನೆಮ್ಮದಿ. ಆದರೆ ಇಲ್ಲಿಗೆ ಜಾಸ್ತಿ ಹರಿದು ಬಂದಿದ್ದು ಮನೆಗಳ ಕೊಳಚೆ.

[ದೃಶ್ಯ: ಲೋಟದ ನೀರಿಗೆ ಸೋಪಿನ ಪುಡಿ ಹಾಕಿ ಕಲಕುವುದು]

ಸೋಪಿನ ಪುಡಿಯಲ್ಲಿ ಕೊಳೆ ಬಿಡಿಸುವ ಅಂಶಕ್ಕೆ ಎರಡು ತುದಿ. ಒಂದು ನೀರನ್ನು ಹಿಡಿಯುತ್ತದೆ, ಇನ್ನೊಂದು ಜಿಡ್ಡನ್ನು. ಬಟ್ಟೆ ಬೆಳ್ಳಗಾಗುವುದು ಇದರಿಂದಲೇ. ರಾಜಕಾಲುವೆಗೆ, ಅಂದ್ರೆ ಮಳೆನೀರಿನ ದೊಡ್ಡ ಚರಂಡಿಗೆ, ಬಿದ್ದ ಮೇಲೆ ಇದು ಕೆರೆಯ ಹೂಳಿಗೆ ಅಂಟಿ ತಳದಲ್ಲಿ ಕೂರುತ್ತದೆ. ಜೋರು ಮಳೆ ಬಂದಾಗ ಹೂಳು ಕದಡಿ ಮೇಲೇಳುತ್ತದೆ. ಕೋಡಿಯಲ್ಲಿ ನೀರು ಧುಮುಕಿದಾಗ ಗಾಳಿ ಸೇರಿ ನೊರೆ. ಬೇಸಿಗೆಯಲ್ಲಿ ಸುಮ್ನಿದ್ದ ಕೆರೆ ಮಳೆ ಬಿದ್ದ ಮಾರನೇ ದಿನ ಉಕ್ಕುವುದು ಇದಕ್ಕೇ.

[ದೃಶ್ಯ: ಮ್ಯಾಪ್. ವರ್ತೂರು ಕೋಡಿಯಿಂದ ಪೂರ್ವಕ್ಕೆ ಗೆರೆ]

ಇಲ್ಲಿಂದ ವರ್ತೂರು ಕೆರೆ, ದಕ್ಷಿಣ ಪಿನಾಕಿನಿ ನದಿ, ತಮಿಳುನಾಡಿನ ಹೊಸೂರಿನ ಕೆಲವರಪಳ್ಳಿ ಅಣೆಕಟ್ಟು. ಅಲ್ಲೂ ನೊರೆ! ಕೊನೆಗೆ ಕಡಲೂರಿನ ಹತ್ತಿರ ಬಂಗಾಳ ಕೊಲ್ಲಿ. ಬೆಂಗಳೂರಿಗೂ ಸಮುದ್ರಕ್ಕೂ ಏನು ಸಂಬಂಧ ಅಂತೀವಲ್ವಾ?

[ದೃಶ್ಯ: ವಾಷಿಂಗ್ ಮಷೀನಿನ ಫಿಲ್ಟರ್, ಹತ್ತಿರದಿಂದ]

ಇದು ನಮ್ಮನೆಯ ಮಷೀನಿನ ಫಿಲ್ಟರ್. ಬೆಕ್ಕಿನ ತುಪ್ಪಳದ ಹಾಗೆ ಬೂದು ಬಣ್ಣದ ಮುದ್ದೆ. ಜಿಮ್ ಟೀಶರ್ಟಿನ ಪಾಲಿಯೆಸ್ಟರ್ ಎಳೆಗಳೂ ಇದರಲ್ಲಿವೆ, ಅಂದ್ರೆ ಪ್ಲಾಸ್ಟಿಕ್. ನಾನು ಇದನ್ನು ವರ್ಷಗಟ್ಟಲೆ ಸಿಂಕಿನಲ್ಲೇ ತೊಳೆದೆ. ತಪ್ಪು. ಒಣಗಿಸಿ, ಬಿಡಿಸಿ, ಕಸದ ಬುಟ್ಟಿಗೆ ಹಾಕಿ. ಇನ್ನೂ ಸಣ್ಣ ಎಳೆಗಳು ಫಿಲ್ಟರಿಗೂ ಸಿಗಲ್ಲ. ಅದಕ್ಕೇ ಮಷೀನ್ ತುಂಬಿದ ಮೇಲೆ ಹಾಕಿ, ತಣ್ಣೀರಲ್ಲೇ ಒಗೆಯಿರಿ. ಬಟ್ಟೆ ತಿಕ್ಕಾಡುವುದು ಕಮ್ಮಿ, ಎಳೆ ಉದುರುವುದೂ ಕಮ್ಮಿ.

ಪುಡಿ ಎಷ್ಟು ಹಾಕಬೇಕು ಅಂತ ಪ್ಯಾಕೆಟ್ಟಿನ ಹಿಂದೆ ಬರೆದಿರುತ್ತದೆ. ನಾನು ಅಳೆದು ನೋಡಿದರೆ ಅದರ ಎರಡರಷ್ಟು ಹಾಕುತ್ತಿದ್ದೆ. ಫಾಸ್ಫೇಟ್ ಇಲ್ಲದ ಪುಡಿ ಸಿಕ್ಕರೆ ಇನ್ನೂ ಒಳ್ಳೆಯದು, ಕೆರೆಯ ಕಳೆಗೆ ಫಾಸ್ಫೇಟ್ ಅಂದ್ರೆ ಗೊಬ್ಬರ. ರೇಷ್ಮೆ ಸೀರೆಗೆ ಅಂಟುವಾಳ ಕಾಯಿ ನೆನೆಹಾಕುವುದು ಅಜ್ಜಿಗೆ ಗೊತ್ತೇ ಇತ್ತು, ಬಿಡಿ.

ಆದರೆ ಚಮಚ ಲೆಕ್ಕ ಹಾಕಿದ ಮಾತ್ರಕ್ಕೆ ಕೆರೆ ತಿಳಿಯಾಗಲ್ಲ. ಕೊಳಚೆ ಶುದ್ಧವಾಗದೆ ರಾಜಕಾಲುವೆಗೆ ಬೀಳುವುದು ನಿಲ್ಲಬೇಕು. ಅಪಾರ್ಟ್‌ಮೆಂಟಿನಲ್ಲಿದ್ದರೆ ಈ ಭಾನುವಾರ ಕೆಳಗಿಳಿದು ನಿಮ್ಮ ಎಸ್‌ಟಿಪಿ, ಅಂದ್ರೆ ಕೊಳಚೆ ಶುದ್ಧ ಮಾಡುವ ಘಟಕ, ನೋಡಿ. ಗಾಳಿ ಊದುವ ಬ್ಲೋವರ್ ಓಡುತ್ತಿದೆಯಾ, ಕರೆಂಟ್ ಬಿಲ್ ಉಳಿಸೋಕೆ ಆಫ್ ಮಾಡಿದ್ದಾರಾ? ಸದ್ದಿನಲ್ಲೇ ಗೊತ್ತಾಗುತ್ತದೆ.

[ದೃಶ್ಯ: ಎಸ್‌ಟಿಪಿ ಕೋಣೆ. ಬ್ಲೋವರ್ ಶುರುವಾಗುವ ಸದ್ದು]