ಆಚೆ ದಡ ಕಾಣುತ್ತಿತ್ತು

ಕೇಳುಗರಿಗೆಲ್ಲ ನಮಸ್ಕಾರ.

ಮಂಗಳೂರು ಸೆಂಟ್ರಲ್‌ನಲ್ಲಿ ಕಣ್ಣೂರು ಕಡೆಯ ರೈಲು ಹತ್ತಿ ಕಿಟಕಿ ಪಕ್ಕ ಕೂತರೆ ಮೊದಲು ನೇತ್ರಾವತಿ ಸಿಗುತ್ತದೆ. ಉಪ್ಪಳ ಕಳೆದ ಮೇಲೆ ಶಿರಿಯ ಹೊಳೆ, ಕುಂಬಳೆ ಆದ ಮೇಲೆ ಮೊಗ್ರಾಲ್. ಕಾಸರಗೋಡು ಸ್ಟೇಷನ್ನು ಬಿಟ್ಟು ಸ್ವಲ್ಪ ಮುಂದೆ ಹೋದರೆ ಚಂದ್ರಗಿರಿ. ಸೇತುವೆ ಮೇಲೆ ರೈಲಿನ ಸದ್ದು ಬದಲಾಗುತ್ತದೆ. ಎರಡೂ ದಡದಲ್ಲಿ ತೆಂಗಿನ ತೋಟ. ಒಂದು ದಡದಲ್ಲಿ ನಿಂತರೆ ಇನ್ನೊಂದು ದಡ ಕಾಣುತ್ತದೆ. ಅಷ್ಟೇ ದೂರ. ಸೇತುವೆ ಮುಗಿಯುವವರೆಗೆ ನಾನು ಆ ನೀರನ್ನೇ ನೋಡುತ್ತಾ ಇರುತ್ತೇನೆ. ಅದಕ್ಕೆ ಕಾರಣ ಒಂದು ಪುಸ್ತಕ.

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. ಮೊದಲು ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಆಮೇಲೆ ಪುಸ್ತಕವಾಯಿತು. ಸಾರಾ ಅವರು 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದವರು. ಆಗ ಕಾಸರಗೋಡು ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. 1956ರಲ್ಲಿ ಕೇರಳಕ್ಕೆ ಸೇರಿತು. ಅವರ ಸಮುದಾಯದ ಹೆಣ್ಣುಮಕ್ಕಳು ಶಾಲೆಗೆ ಹೋಗುವುದೇ ಅಪರೂಪವಾಗಿದ್ದ ಕಾಲದಲ್ಲಿ ಅವರು ಕನ್ನಡ ಶಾಲೆಯಲ್ಲಿ ಓದಿದರು. ಮುಂದೆ ಓದಬೇಕೆಂಬ ಆಸೆ ಇತ್ತು, ಆದರೆ ಮದುವೆಯಾಯಿತು, ಮಕ್ಕಳಾದರು. ಈ ಕಾದಂಬರಿ ಬರೆಯುವಾಗ ಅವರಿಗೆ ನಲವತ್ತು ದಾಟಿತ್ತು. ಆಮೇಲೆ ಮಂಗಳೂರಿನಲ್ಲೇ ಇದ್ದರು, 2023ರ ಜನವರಿಯಲ್ಲಿ ಇಲ್ಲೇ ತೀರಿಕೊಂಡರು.

ಕಥೆ ಒಂದು ಸಣ್ಣ ಊರಿನದು. ನಾದಿರಾ ಅಂತ ಒಬ್ಬಳು ಹುಡುಗಿ. ಗಂಡ ರಶೀದ್. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಪ್ರೀತಿ, ಒಂದು ಮಗುವೂ ಇದೆ. ನಾದಿರಾಳ ತಂದೆ ಮಹಮ್ಮದ್ ಖಾನ್. ಮಾವನಿಗೂ ಅಳಿಯನಿಗೂ ಮನಸ್ತಾಪ ಆಗುತ್ತದೆ. ತಂದೆ ಮಗಳನ್ನು ತನ್ನ ಮನೆಯಲ್ಲೇ ಇರಿಸಿಕೊಂಡು, ಹಟ ಹಿಡಿದು ತಲಾಖ್ ಕೊಡಿಸುತ್ತಾನೆ. ಗಂಡ ಹೆಂಡತಿ ಇಬ್ಬರಿಗೂ ಬೇಡವಾಗಿದ್ದ ತಲಾಖ್ ಅದು. ಹುಡುಗಿಯನ್ನು ಒಂದು ಮಾತು ಕೇಳಿದವರಿಲ್ಲ. ಕೊನೆಗೆ ಇಬ್ಬರನ್ನೂ ಮತ್ತೆ ಸೇರಿಸುವ ಮಾತು ಬರುತ್ತದೆ. ಆದರೆ ಅದಕ್ಕೆ ಒಂದು ಕಟ್ಟಳೆ ಅಡ್ಡ ನಿಲ್ಲುತ್ತದೆ. ನಾದಿರಾ ಇನ್ನೊಬ್ಬನನ್ನು ಮದುವೆಯಾಗಬೇಕು, ಅವನ ಜೊತೆ ಒಂದು ರಾತ್ರಿ ಇರಬೇಕು, ಅವನು ತಲಾಖ್ ಕೊಡಬೇಕು. ಆಮೇಲೆ ಮಾತ್ರ ರಶೀದ್‌ನ ಹತ್ತಿರ ಹೋಗಬಹುದು.

ಈ ಕಾದಂಬರಿಯನ್ನು ನಾನು ಮೊದಲು ಕಾಲೇಜಿನಲ್ಲಿದ್ದಾಗ ಓದಿದ್ದೆ. ಆಗ ನನಗೆ ಅದು ‘ಅವರ ಮನೆಯ ಕಥೆ’ ಅನ್ನಿಸಿತ್ತು. ಪಾಪ, ಅವರಲ್ಲಿ ಹೀಗೆಲ್ಲ ಇದೆಯಲ್ಲ ಅಂದುಕೊಂಡು ಪುಸ್ತಕ ಮುಚ್ಚಿಟ್ಟಿದ್ದೆ. ಆ ಓದು ತಪ್ಪಾಗಿತ್ತು ಅಂತ ಗೊತ್ತಾಗಲು ಇಪ್ಪತ್ತು ವರ್ಷ ಬೇಕಾಯಿತು.

ನನ್ನ ಅಮ್ಮನಿಗೆ ಕಣ್ಣಿನ ಪೊರೆ ಬಂದು ಓದಲು ಆಗುತ್ತಿರಲಿಲ್ಲ. ಒಂದು ಮಳೆಗಾಲ ದಿನಾ ಸಂಜೆ ದೀಪ ಹಚ್ಚಿದ ಮೇಲೆ ನಾನು ಅವರಿಗೆ ಏನಾದರೂ ಓದಿ ಹೇಳುತ್ತಿದ್ದೆ. ಈ ಪುಸ್ತಕ ಕೈಗೆ ಸಿಕ್ಕಿತು. ದೊಡ್ಡದೇನಲ್ಲ, ನಾಲ್ಕೈದು ಸಂಜೆಗೆ ಮುಗಿಯುತ್ತದೆ. ಅಮ್ಮ ಗೋಡೆಗೆ ಒರಗಿ, ಕಾಲು ಚಾಚಿ, ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ಕೇಳುತ್ತಿದ್ದರು. ಮೂರನೆಯ ದಿನ ನಾದಿರಾಳನ್ನು ತಂದೆ ಮನೆಯಲ್ಲಿ ಕೂರಿಸಿಕೊಳ್ಳುವ ಭಾಗ ಬಂತು. ಅಮ್ಮನ ಕೈ ನಿಂತಿತು.

“ನನ್ನನ್ನೂ ಹೀಗೇ ಕೂರಿಸಿದ್ದರು” ಅಂದರು.

ನಾನು ಪುಸ್ತಕ ಕೆಳಗಿಟ್ಟೆ.

ನಮ್ಮ ತುಳುನಾಡಿನಲ್ಲಿ ಹೊಸದಾಗಿ ಮದುವೆಯಾದ ಹುಡುಗಿ ಮಳೆಗಾಲದ ಆಟಿ ತಿಂಗಳಲ್ಲಿ ತವರಿಗೆ ಬಂದು ಇರುವ ಪದ್ಧತಿ ನಿಮಗೆ ಗೊತ್ತಲ್ವಾ. ಅಮ್ಮನನ್ನೂ ಹಾಗೆ ಅಜ್ಜ ಕರೆದುಕೊಂಡು ಬಂದರು. ಆಟಿ ಮುಗಿಯಿತು, ಸೋಣ ಮುಗಿಯಿತು, ವಾಪಸು ಕಳಿಸಲಿಲ್ಲ. ಮದುವೆಯಲ್ಲಿ ಯಾರಿಗೋ ಸರಿಯಾಗಿ ಮರ್ಯಾದೆ ಮಾಡಲಿಲ್ಲ ಅಂತ ಅಜ್ಜನಿಗೆ ಬೀಗರ ಮೇಲೆ ಸಿಟ್ಟು. ಅಪ್ಪ ಎರಡು ಸಲ ಕರೆಯಲು ಬಂದರಂತೆ. ಜಗಲಿಯಿಂದಲೇ ಮಾತಾಡಿಸಿ ಕಳಿಸಿದರಂತೆ. ಏಳು ತಿಂಗಳು. ಅಮ್ಮನಿಗೆ ಆಗ ಹತ್ತೊಂಬತ್ತು ವರ್ಷ. ಹೊಟ್ಟೆಯಲ್ಲಿ ನನ್ನ ಅಣ್ಣ.

ಅಜ್ಜನ ಮನೆ ಗುರುಪುರ ಹೊಳೆಯ ಈಚೆಗೆ, ಅಪ್ಪನ ಮನೆ ಆಚೆಗೆ. “ತೋಟದ ಕಟ್ಟಪುಣಿಯಲ್ಲಿ ನಿಂತರೆ ನಿನ್ನ ಅಪ್ಪನ ಮನೆ ಹಿಂದಿನ ಎರಡು ತಾಳೆಮರ ಕಾಣುತ್ತಿತ್ತು” ಅಂದರು ಅಮ್ಮ. “ದಿನಾ ಸಂಜೆ ಹುಲ್ಲು ತರುವ ನೆಪದಲ್ಲಿ ಹೋಗಿ ನೋಡಿ ಬರುತ್ತಿದ್ದೆ. ಮರ ಅಲ್ಲೇ ಇದೆ ಅಲ್ವಾ ಅಂತ.”

ಐವತ್ತು ವರ್ಷ ನಮಗೆ ಯಾರಿಗೂ ಹೇಳದ ಮಾತು ಇದು. ಕಾಸರಗೋಡಿನ ಒಬ್ಬಳು ಹುಡುಗಿಯ ಕಥೆ ಕೇಳಿ ಹೊರಗೆ ಬಂತು. ಆಮೇಲೆ ನನಗೆ ಈ ಕಾದಂಬರಿ ‘ಅವರ’ ಕಥೆ ಅನ್ನಿಸಲೇ ಇಲ್ಲ.

ಚಂದ್ರಗಿರಿಗೆ ಸಂಬಂಧಿಸಿದ ಒಂದು ಹಳೆಯ ಸಂಗತಿ ಇದೆ. ನಾಯರ್ ಹೆಂಗಸರು ಆ ನದಿ ದಾಟಿ ಬಡಗಣ ದಿಕ್ಕಿಗೆ ಬರಬಾರದು ಅಂತ ಒಂದು ಕಾಲದಲ್ಲಿ ಕಟ್ಟುಪಾಡಿತ್ತು. ತುಳುನಾಡಿಗೂ ಮಲಯಾಳಿಗಳ ಸೀಮೆಗೂ ಆ ನದಿಯೇ ಗಡಿ. ಗಂಡಸರು ದಾಟಬಹುದು, ವ್ಯಾಪಾರ ಮಾಡಬಹುದು, ಯುದ್ಧಕ್ಕೂ ಹೋಗಬಹುದು. ಹೆಂಗಸು ದಾಟಬಾರದು. ಒಬ್ಬೊಬ್ಬರ ದೇವರು ಬೇರೆ, ಭಾಷೆ ಬೇರೆ. ನದಿಯ ದಡದಲ್ಲಿ ಹೆಣ್ಣನ್ನು ನಿಲ್ಲಿಸುವ ವಿಷಯದಲ್ಲಿ ಮಾತ್ರ ಎಲ್ಲರೂ ಒಂದೇ ಥರ ನಡೆದುಕೊಂಡಿದ್ದಾರೆ.

ಈ ಕಾದಂಬರಿ ನಂಬಿಕೆಯ ವಿರುದ್ಧ ಬರೆದದ್ದು ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕುರಾನಿನಲ್ಲಿ ತಲಾಖ್ ಒಂದೇ ಉಸಿರಿನಲ್ಲಿ ಮುಗಿಯುವ ಕೆಲಸ ಅಲ್ಲ. ಗಂಡ ಹೆಂಡತಿಗೆ ಬಿರುಕು ಬಂದರೆ ಎರಡೂ ಕಡೆಯಿಂದ ಒಬ್ಬೊಬ್ಬರು ಹಿರಿಯರು ಕೂತು ರಾಜಿ ಮಾಡಿಸಬೇಕು ಅಂತಿದೆ. ಕಾಯುವ ಅವಧಿ ಇದೆ, ಮನಸ್ಸು ಬದಲಾದರೆ ಮತ್ತೆ ಸೇರಲು ದಾರಿ ಇದೆ. ಇನ್ನೊಬ್ಬನನ್ನು ಮದುವೆಯಾದ ಮೇಲೆ ಮಾತ್ರ ಮೊದಲ ಗಂಡನ ಹತ್ತಿರ ಬರಬಹುದು ಅನ್ನುವ ಮಾತೂ ಇದೆ, ನಿಜ. ಆದರೆ ಅದು ಬಾಳಬೇಕೆಂದೇ ಆದ ಮದುವೆಯ ಮಾತು. ಒಂದು ರಾತ್ರಿಗೆ ಅಂತ ಗೊತ್ತು ಮಾಡಿ ಮಾಡುವ ಮದುವೆಯನ್ನು ಪ್ರವಾದಿಯವರೇ ಶಪಿಸಿದ್ದಾರೆ ಅಂತ ಅವರ ನುಡಿಗಳನ್ನು ದಾಖಲಿಸಿದ ಹದೀಸಿನಲ್ಲಿದೆ. ಸಾರಾ ಅವರ ಜಗಳ ದೇವರ ಜೊತೆ ಅಲ್ಲ. ದೇವರ ಮಾತನ್ನು ತಮಗೆ ಬೇಕಾದಷ್ಟೇ ಓದಿ ಹೇಳುವ ಗಂಡಸರ ಜೊತೆ.

ಅವರು ಇದನ್ನು ಬರೆದಾಗ, ತಲಾಖ್ ಆದ ಹೆಂಗಸಿಗೆ ಗಂಡ ಜೀವನಾಂಶ ಕೊಡಬೇಕು ಅಂದ ಶಾಬಾನು ತೀರ್ಪು ಬಂದಿರಲಿಲ್ಲ. ಅದು 1985ರದ್ದು. ಒಂದೇ ಸಲಕ್ಕೆ ಮೂರು ತಲಾಖ್ ಹೇಳುವುದು ನಡೆಯುವುದಿಲ್ಲ ಅಂತ ಸುಪ್ರೀಂ ಕೋರ್ಟು ಹೇಳಿದ್ದು 2017ರ ಆಗಸ್ಟ್ 22ಕ್ಕೆ. ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಹಾಗೆ ಹೇಳಿದರು. ಅದಕ್ಕಿಂತ ಮೂವತ್ತು ವರ್ಷಕ್ಕೂ ಜಾಸ್ತಿ ಮೊದಲು ಒಬ್ಬರು ಗೃಹಿಣಿ ಮನೆಯಲ್ಲಿ ಕೂತು, ಕನ್ನಡದಲ್ಲಿ, ತನ್ನ ಊರಿನ ಹೆಂಗಸರ ಕಣ್ಣೀರನ್ನು ಬರೆದಿಟ್ಟರು. ಎಷ್ಟು ಧೈರ್ಯ ಬೇಕಿತ್ತು ಯೋಚಿಸಿ. ಬರೆದು ಮುಗಿಸಿ ಬೆಳಿಗ್ಗೆ ಅದೇ ಸಮಾಜದ ಮಧ್ಯೆಯೇ ಬದುಕಬೇಕಲ್ಲ.

ಭಾಷೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸರಳವಾಗಿದೆ. ಅಮ್ಮನಿಗೆ ಒಂದೇ ಒಂದು ಮಾತನ್ನೂ ಬಿಡಿಸಿ ಹೇಳಬೇಕಾಗಲಿಲ್ಲ.

ಆದರೆ ಕೊನೆಯ ಭಾಗದ ಬಗ್ಗೆ ಹೇಳಲೇಬೇಕು. ನಾದಿರಾ ಜೀವ ಬಿಡಲು ಹೋಗುವುದು ಮಸೀದಿಯ ಕೆರೆಗೆ. ನಮ್ಮ ಕರಾವಳಿಯ ಹಳೆಯ ಪಳ್ಳಿಗಳ ಪಕ್ಕ ನೀವು ಅಂಥ ಕೆರೆ ನೋಡಿರಬಹುದು. ಕಲ್ಲಿನ ಮೆಟ್ಟಿಲು, ಹಸಿರು ಬಣ್ಣಕ್ಕೆ ತಿರುಗಿದ ನೀರು. ನಮಾಜಿಗೆ ಮೊದಲು ಅಲ್ಲಿ ಕೈ ತೊಳೆಯುತ್ತಾರೆ, ಬಾಯಿ ಮುಕ್ಕಳಿಸುತ್ತಾರೆ, ಮುಖ ತೊಳೆಯುತ್ತಾರೆ, ಒದ್ದೆ ಕೈಯನ್ನು ತಲೆಗೆ ಸವರಿಕೊಳ್ಳುತ್ತಾರೆ, ಕಾಲು ತೊಳೆಯುತ್ತಾರೆ. ದಿನಕ್ಕೆ ಐದು ಹೊತ್ತು. ದೇವರ ಮುಂದೆ ನಿಲ್ಲುವ ಮೊದಲು ಶುದ್ಧವಾಗುವ ನೀರು ಅದು. ಆ ಹುಡುಗಿಗೆ ಊರಲ್ಲಿ ಬೇರೆ ಬಾವಿ ಇರಲಿಲ್ಲವೇ? ಪುಸ್ತಕದ ಹೆಸರಲ್ಲೇ ಒಂದು ನದಿ ಇದೆಯಲ್ಲ. ಆದರೂ ಸಾರಾ ಅವರು ಅವಳನ್ನು ಆ ಮೆಟ್ಟಿಲಿಗೇ ಕರೆದುಕೊಂಡು ಹೋಗುತ್ತಾರೆ. ನನಗೆ ಅನ್ನಿಸುವುದು, ಅವಳು ನಂಬಿಕೆ ಬಿಟ್ಟು ಹೋದದ್ದಲ್ಲ. ಊರಿನ ಯಾವ ಗಂಡಸೂ ಕೇಳದ ಮಾತನ್ನು ನೇರವಾಗಿ ದೇವರಿಗೇ ಹೇಳಲು ಹೋದಳು.

ಆ ಸಂಜೆ ಓದಿ ಮುಗಿಸಿದಾಗ ಹೊರಗೆ ಮಳೆ ಜೋರಾಗಿತ್ತು. ಅಮ್ಮ ಬಹಳ ಹೊತ್ತು ಸುಮ್ನೆ ಕೂತಿದ್ದರು. ಅವರು ಅಳುತ್ತಾರೇನೋ ಅಂದುಕೊಂಡೆ. ಅಳಲಿಲ್ಲ.

“ಅವಳ ತಾಯಿ?” ಅಂತ ಕೇಳಿದರು.

ನಾದಿರಾಳ ತಾಯಿ ಫಾತಿಮ್ಮ. ಗಂಡನ ಎದುರು ದನಿ ಎತ್ತಲಾಗದೆ ಬಾಳು ಸವೆಸಿದ ಹೆಂಗಸು. ಮಗಳ ಮೇಲೆ ಪ್ರೀತಿ ಇಲ್ಲ ಅಂತಲ್ಲ, ಬೇಕಾದಷ್ಟಿದೆ. ಆ ಪ್ರೀತಿಗೆ ಹೊಸ್ತಿಲು ದಾಟುವ ಶಕ್ತಿ ಇಲ್ಲ. ಮೊದಲ ಓದಿನಲ್ಲಿ ನಾನು ಅವಳನ್ನು ಗಮನಿಸಿರಲೇ ಇಲ್ಲ. ಈಗ ನನಗೆ ಈ ಕಾದಂಬರಿಯಲ್ಲಿ ಅತಿ ದೊಡ್ಡ ದುಃಖ ಅವಳದೇ ಅನ್ನಿಸುತ್ತದೆ. ಮಗಳಿಗಾದರೂ ಒಂದು ದಿನ ‘ಇಲ್ಲ’ ಅನ್ನಲು ಆಯಿತು.

“ನಿಮ್ಮನ್ನು ಯಾರು ವಾಪಸು ಕಳಿಸಿದರು ಮತ್ತೆ? ಅಜ್ಜನೇ ಮನಸ್ಸು ಬದಲಾಯಿಸಿದರಾ?” ಅಂತ ನಾನು ಅಮ್ಮನನ್ನು ಕೇಳಿದೆ.

ಅಜ್ಜ ಅಲ್ಲ, ಅಜ್ಜಿ. ಅಜ್ಜ ಸಂತೆಗೆ ಹೋಗಿದ್ದ ಒಂದು ದಿನ ಅಜ್ಜಿ ಸೆರಗಿನಲ್ಲಿ ಒಂದು ಅಚ್ಚು ಬೆಲ್ಲ ಕಟ್ಟಿಕೊಂಡು ಕಡವಿಗೆ ಹೋದರಂತೆ. ಒಬ್ಬರೇ ದೋಣಿ ಹತ್ತಿ ಹೊಳೆ ದಾಟಿದ್ದು ಅವರ ಜೀವನದಲ್ಲಿ ಅದೇ ಮೊದಲು. ಬೀಗಿತಿಯ ಕೈಯಲ್ಲಿ ಬೆಲ್ಲ ಇಟ್ಟು, “ನಾಳೆ ಬಂದು ನಿಮ್ಮ ಸೊಸೆಯನ್ನು ಕರೆದುಕೊಂಡು ಹೋಗಿ, ಇವರು ಏನು ಹೇಳಿದರೂ ನಾನಿದ್ದೇನೆ” ಅಂದು, ಕೂರದೆ, ನೀರೂ ಕುಡಿಯದೆ ಹಿಂದೆ ಬಂದರಂತೆ. ಅಜ್ಜ ಸಂತೆಯಿಂದ ಬರುವಾಗ ಒಲೆಯ ಮೇಲೆ ಕುಚ್ಚಲಕ್ಕಿ ಕುದಿಯುತ್ತಿತ್ತು. ಅಜ್ಜಿಯ ಸೀರೆಯ ಅಂಚು ಇನ್ನೂ ಒದ್ದೆ ಇತ್ತು.